ಸ್ಕಾಟಿಷ್ ವಂಶಾವಳಿಗಳ ಶೋಧ ಮತ್ತು ವಸಾಹತು ಗುಲಾಮಗಿರಿ: ಆಕರಗಳು, ವಿಧಾನ, ಎಚ್ಚರಗಳು

೧. ಪೀಠಿಕೆ

ಹತ್ತೊಂಬತ್ತನೆಯ ಶತಮಾನದ ಆರಂಭದ ಕರ್ನಾಟಕವನ್ನು ಅಭ್ಯಸಿಸುವವರು ಕುಂಪಣಿ ಸರ್ಕಾರದ ಮೂವರು ಅಧಿಕಾರಿಗಳ ಬರಹಗಳನ್ನು ಬದಿಗಿಟ್ಟು ಮುಂದೆ ಸಾಗುವಂತಿಲ್ಲ. ಮೊದಲನೆಯವನು ೧೮೦೦-೦೧ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿ ಕೃಷಿ, ಕಸುಬು, ಜಾತಿಗಳ ವಿವರಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್. ಎರಡನೆಯವನು ಮೈಸೂರು ಸೀಮೆಯ ಭೂಮಾಪನ ನಡೆಸುತ್ತ ಕೈಫಿಯತ್ತುಗಳನ್ನೂ ಶಾಸನಗಳ ಪ್ರತಿಗಳನ್ನೂ ಕೂಡಿಹಾಕಿದ ಕಾಲಿನ್ ಮೆಕೆಂಜಿ. ಮೂರನೆಯವನು ಕೆನರಾದ ಕಲೆಕ್ಟರನಾಗಿ, ಅನಂತರ ಬಳ್ಳಾರಿಯನ್ನೊಳಗೊಂಡ ದತ್ತ ಮಂಡಲದಲ್ಲಿ ಕಂದಾಯ ವ್ಯವಸ್ಥೆಯನ್ನು ರೂಪಿಸಿದ ಥಾಮಸ್ ಮನ್ರೋ. ಈ ಮೂವರೂ ಸ್ಕಾಟ್‌ಲೆಂಡಿನವರು. ಬುಕಾನನ್ ಪರ್ತ್‌ಶೈರಿನ ಕ್ಯಾಲಂಡರಿನವನು, ಮೆಕೆಂಜಿ ಲೂಯಿಸ್ ದ್ವೀಪದ ಸ್ಟಾರ್ನೊವೇಯವನು, ಮನ್ರೋ ಗ್ಲಾಸ್ಗೋ ನಗರದವನು. ಇವರ ಬರಹಗಳನ್ನು ನಾವು ಆಕರಗಳೆಂದು ಬಳಸಿಕೊಳ್ಳುತ್ತೇವೆ; ಆದರೆ ಇವರು ಎಂಥ ಮನೆತನಗಳಿಂದ ಬಂದರು, ಆ ಮನೆಗಳ ಅನ್ನಕ್ಕೆ ಮೂಲ ಯಾವುದು ಎಂಬ ಪ್ರಶ್ನೆಯನ್ನು ಅಪರೂಪಕ್ಕೆ ಎತ್ತುತ್ತೇವೆ.

ಸ್ಕಾಟ್‌ಲೆಂಡಿನಲ್ಲಿ ಈಚಿನ ಎರಡು ದಶಕಗಳಿಂದ ಇದೇ ಪ್ರಶ್ನೆ ಬಹುಮಟ್ಟಿಗೆ ಚರ್ಚೆಗೆ ಬಂದಿದೆ. ತಮ್ಮ ವಂಶವೃಕ್ಷವನ್ನು ಬರೆಯಲು ಹೊರಟ ಸಾಮಾನ್ಯ ಜನರು ಅಜ್ಜ, ಮುತ್ತಜ್ಜರನ್ನು ಹುಡುಕುತ್ತ ಹೋಗಿ ಜಮೈಕಾದ ಕಬ್ಬಿನ ತೋಟದಲ್ಲಿಯೋ ಡೆಮರಾರದ ಗುಲಾಮರ ಪಟ್ಟಿಯಲ್ಲಿಯೋ ಬಂದು ನಿಲ್ಲುತ್ತಿದ್ದಾರೆ. ಕೆರಿಬಿಯನ್ ದ್ವೀಪಗಳಲ್ಲಿ ಕ್ಯಾಂಬೆಲ್, ಗ್ರಾಂಟ್, ಗೋರ್ಡನ್ ಎಂಬ ಸ್ಕಾಟಿಷ್ ಕುಲನಾಮಗಳನ್ನು ಹೊತ್ತ ಆಫ್ರಿಕನ್ ಮೂಲದ ಜನರು ಅದೇ ದಾರಿಯಲ್ಲಿ ಎದುರು ದಿಕ್ಕಿನಿಂದ ನಡೆದು ಬರುತ್ತಿದ್ದಾರೆ. ಈ ಎರಡು ಶೋಧಗಳು ಸಂಧಿಸುವ ಆಕರಗಳು ಯಾವುವು, ಅವನ್ನು ಓದುವ ವಿಧಾನವೇನು, ಅವು ಏನನ್ನು ಹೇಳುತ್ತವೆ, ಏನನ್ನು ಮುಚ್ಚಿಡುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗುವುದು. ಹೊರನಾಡಿನಲ್ಲಿದ್ದುಕೊಂಡು ಕುಂಪಣಿ ಕಾಲದ ದಫ್ತರಗಳ ಮೇಲೆ ಕೆಲಸ ಮಾಡುವ ನಮ್ಮ ಸಂಶೋಧಕರಿಗೆ ಈ ವಿಧಾನ ಉಪಯುಕ್ತವೆಂದು ನಮ್ಮ ಭಾವನೆ.

೨. ಸ್ಕಾಟ್‌ಲೆಂಡು ಮತ್ತು ಗುಲಾಮಗಿರಿ: ಸಂಬಂಧದ ಸ್ವರೂಪ

೧೭೦೭ರ ಏಕೀಕರಣ ಒಪ್ಪಂದದಿಂದ ಇಂಗ್ಲೆಂಡಿನ ವಸಾಹತುಗಳ ಬಾಗಿಲು ಸ್ಕಾಟರಿಗೆ ಕಾನೂನುಬದ್ಧವಾಗಿ ತೆರೆಯಿತು. ಗ್ಲಾಸ್ಗೋ ವರ್ತಕರು ಮೊದಲು ವರ್ಜೀನಿಯ, ಮೇರಿಲ್ಯಾಂಡುಗಳ ಹೊಗೆಸೊಪ್ಪಿನಿಂದ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ತರುವಾಯ ಕೆರಿಬಿಯನ್ ಸಕ್ಕರೆ, ಹತ್ತಿಗಳಿಂದ ಸಂಪತ್ತು ಗಳಿಸಿದರು. ೧೭೬೩ರಲ್ಲಿ ಗ್ರೆನಡ, ಟೊಬೇಗೊ, ಸೇಂಟ್ ವಿನ್ಸೆಂಟ್ ದ್ವೀಪಗಳು ಬ್ರಿಟನ್ನಿಗೆ ದಕ್ಕಿದಾಗಲೂ, ೧೭೯೬ರಲ್ಲಿ ಡಚ್ಚರ ಡೆಮರಾರ, ಬರ್ಬೀಸ್‌ಗಳು ಕೈವಶವಾದಾಗಲೂ ಅಲ್ಲಿ ತೋಟಗಳನ್ನು ಹಿಡಿಯಲು ಧಾವಿಸಿದವರಲ್ಲಿ ಸ್ಕಾಟರು ಮುಂಚೂಣಿಯಲ್ಲಿದ್ದರು. ಜಮೈಕಾದ ಬಿಳಿಯರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನ ಹುಟ್ಟಿನಿಂದಲೋ ವಂಶದಿಂದಲೋ ಸ್ಕಾಟರೆಂದು ಆ ದ್ವೀಪದ ಚರಿತ್ರೆ ಬರೆದ ಎಡ್ವರ್ಡ್ ಲಾಂಗ್ ೧೭೭೪ರಲ್ಲಿ ಅಂದಾಜು ಮಾಡಿದ್ದಾನೆ.

ಆದಾಗ್ಯೂ ‘ಗುಲಾಮಗಿರಿ ಇಂಗ್ಲಿಷರ ಪಾಪ, ನಮ್ಮದಲ್ಲ’ ಎಂಬ ಭಾವನೆ ಸ್ಕಾಟ್‌ಲೆಂಡಿನಲ್ಲಿ ಬಹುಕಾಲ ಬೇರೂರಿತ್ತು. ಇದಕ್ಕೆ ಒಂದು ಕಾರಣವೂ ಇದ್ದಿತು. ಆಫ್ರಿಕಾದಿಂದ ಗುಲಾಮರನ್ನು ಸಾಗಿಸಿದ ಹಡಗುಗಳು ಹೆಚ್ಚಾಗಿ ಲಿವರ್‌ಪೂಲ್, ಬ್ರಿಸ್ಟಲ್, ಲಂಡನ್ ಬಂದರುಗಳವು. ಸ್ಕಾಟಿಷ್ ಬಂದರುಗಳಿಂದ ನೇರವಾಗಿ ಹೊರಟ ಅಂಥ ಯಾನಗಳು ತೀರ ಕಡಿಮೆ. ಆದುದರಿಂದ ಹಡಗುಗಳನ್ನು ಮಾತ್ರ ಎಣಿಸಿದರೆ ಸ್ಕಾಟರ ಪಾತ್ರ ಅತ್ಯಲ್ಪವೆಂದು ತೋರುತ್ತದೆ. ತೋಟಗಳನ್ನು ನೋಡಿದಾಗ ಚಿತ್ರವೇ ಬದಲಾಗುತ್ತದೆ. ಮಾಲಿಕ, ಅವನ ಪರವಾಗಿ ಆಡಳಿತ ನಡೆಸುವ ಮುಖ್ತಾರ, ಮೇಲ್ವಿಚಾರಕ, ಲೆಕ್ಕಿಗ, ವೈದ್ಯ, ಸಾಲ ನೀಡುವ ವರ್ತಕ ಈ ಎಲ್ಲ ಸ್ಥಾನಗಳಲ್ಲಿಯೂ ಸ್ಕಾಟರು ಕಾಣಿಸುತ್ತಾರೆ.

ತೋಟಕ್ಕೆ ಕಾಲಿಡದವರೂ ಈ ವ್ಯವಸ್ಥೆಯ ಅಂಗಗಳಾಗಿದ್ದರು. ಫೈಫ್, ಆಂಗಸ್ ಜಿಲ್ಲೆಗಳಲ್ಲಿ ನೇಯುತ್ತಿದ್ದ ಆಸ್ನಬರ್ಗ್ ಎಂಬ ಒರಟು ನಾರುಬಟ್ಟೆ ಗುಲಾಮರ ಉಡುಪಿಗಾಗಿ ಅಟ್ಲಾಂಟಿಕವನ್ನು ದಾಟುತ್ತಿತ್ತು. ಪಶ್ಚಿಮ ಕರಾವಳಿಯಲ್ಲಿ ಉಪ್ಪುಹಾಕಿದ ಹೆರಿಂಗ್ ಮೀನು ಅವರ ಆಹಾರವಾಗಿತ್ತು. ಗುಲಾಮನನ್ನು ಕಣ್ಣಿನಿಂದಲೂ ಕಾಣದ ಹಳ್ಳಿಯ ನೇಕಾರನ ಮಗ್ಗ ಹೀಗೆ ಜಮೈಕಾದ ತೋಟದೊಡನೆ ತಳುಕುಹಾಕಿಕೊಂಡಿತ್ತು. ಸಂಬಂಧವೆಂದರೆ ಒಡೆತನ ಮಾತ್ರವಲ್ಲ. ಅದಕ್ಕೆ ಹಲವು ಮೆಟ್ಟಿಲುಗಳಿವೆ. ವಂಶಾವಳಿಯ ಶೋಧಕನು ತಾನು ಯಾವ ಮೆಟ್ಟಿಲಿನ ಮೇಲೆ ನಿಂತಿದ್ದೇನೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕಾಗುತ್ತದೆ.

೩. ಮೊದಲ ಹಂತ: ಸ್ವದೇಶದ ದಾಖಲೆಗಳು

ಯಾವ ವಂಶಾವಳಿಯನ್ನಾದರೂ ತಿಳಿದುದರಿಂದ ತಿಳಿಯದುದರ ಕಡೆಗೆ, ಅಂದರೆ ಇಂದಿನಿಂದ ಹಿಂದಕ್ಕೆ ಬರೆಯುತ್ತ ಹೋಗಬೇಕು. ಸ್ಕಾಟ್‌ಲೆಂಡಿನಲ್ಲಿ ಜನನ, ವಿವಾಹ, ಮರಣಗಳ ಕಡ್ಡಾಯ ನೋಂದಣಿ ೧೮೫೫ರ ಜನವರಿ ೧ರಂದು ಆರಂಭವಾಯಿತು. ಮೊದಲ ವರ್ಷದ ನಮೂದುಗಳಲ್ಲಿ ಎಷ್ಟು ವಿವರಗಳನ್ನು ಕೇಳಲಾಗಿತ್ತೆಂದರೆ ಮರುವರ್ಷವೇ ಅವನ್ನು ಇಳಿಸಬೇಕಾಯಿತು. ಹೀಗಾಗಿ ೧೮೫೫ರಲ್ಲಿ ಕುಟುಂಬದ ಒಂದು ಘಟನೆಯಾದರೂ ನಡೆದಿದ್ದರೆ ಅದನ್ನು ಶೋಧಕರು ಭಾಗ್ಯವೆಂದೇ ಎಣಿಸುತ್ತಾರೆ. ಅದಕ್ಕೂ ಹಿಂದಿನ ಕಾಲಕ್ಕೆ ಚರ್ಚ್ ಆಫ್ ಸ್ಕಾಟ್‌ಲೆಂಡಿನ ಪ್ಯಾರಿಷ್ ದಫ್ತರಗಳೇ ಆಧಾರ. ಇವುಗಳಲ್ಲಿ ಅತಿ ಹಳೆಯದು ಪರ್ತ್‌ಶೈರಿನ ಎರಲ್ ಪ್ಯಾರಿಷಿನದು. ಅದು ೧೫೫೩ರಿಂದ ಆರಂಭವಾಗುತ್ತದೆ. ಹೆಸರು ಸಹಿತವಾದ ಜನಗಣತಿ ೧೮೪೧ರಿಂದ ದೊರೆಯುತ್ತದೆ. ಈ ದಾಖಲೆಗಳಲ್ಲಿ ವಿವಾಹಿತ ಸ್ತ್ರೀಯ ತವರಿನ ಕುಲನಾಮ ಸಾಮಾನ್ಯವಾಗಿ ಉಳಿದುಕೊಂಡಿರುವುದು ಸ್ಕಾಟ್‌ಲೆಂಡಿನ ಒಂದು ವಿಶೇಷ. ತಾಯಿಯ ಕಡೆಯ ಸಂಬಂಧವನ್ನು ಹಿಡಿಯಲು ಇದು ಬಲವಾದ ಕೊಂಡಿ. ತೋಟದ ಆಸ್ತಿ ಅನೇಕ ವೇಳೆ ವರದಕ್ಷಿಣೆಯಾಗಿ, ವಿಧವೆಯ ವರ್ಷಾಶನವಾಗಿ ಸ್ತ್ರೀಯರ ಮೂಲಕವೇ ಹರಿದುಬಂದಿರುವುದರಿಂದ ಈ ಅಂಶವನ್ನು ಗಮನದಲ್ಲಿರಿಸಿಕೊಳ್ಳಬೇಕು.

ಈ ಹಂತದಲ್ಲಿ ಹೆಚ್ಚು ಫಲ ನೀಡುವುದು ಮರಣಶಾಸನಗಳು. ೧೫೧೩ರಿಂದ ಮೊದಲ್ಗೊಂಡು ಇವು ಉಪಲಬ್ಧವಿವೆ. ಆದರೆ ಇವನ್ನು ಓದುವಾಗ ಸ್ಕಾಟಿಷ್ ಕಾನೂನಿನ ಒಂದು ನಿಯಮವನ್ನು ಮರೆಯುವಂತಿಲ್ಲ. ೧೮೬೮ರವರೆಗೆ ಮರಣಶಾಸನದ ಮೂಲಕ ಚರಾಸ್ತಿಯನ್ನು ಮಾತ್ರ ಕೊಡಬಹುದಾಗಿತ್ತು, ಭೂಮಿಯನ್ನಲ್ಲ. ಭೂಮಿಯ ವಾರಸುದಾರಿಕೆಯನ್ನು ತಿಳಿಯಲು ಉತ್ತರಾಧಿಕಾರ ನಿರ್ಣಯದ ದಾಖಲೆಗಳನ್ನೂ, ೧೬೧೭ರಲ್ಲಿ ಆರಂಭವಾದ ‘ಸೇಸಿನ್’ ಎಂಬ ಭೂನೋಂದಣಿ ಪುಸ್ತಕಗಳನ್ನೂ ನೋಡಬೇಕು. ಜಮೈಕಾದಲ್ಲಿ ಮೃತನಾದವನ ಮರಣಶಾಸನ ಎಡಿನ್‌ಬರೋದಲ್ಲಿ ಸಿಗದೆ ಲಂಡನ್ನಿನಲ್ಲೋ ಆ ದ್ವೀಪದಲ್ಲಿಯೇ ಎಲ್ಲೋ ಇರಬಹುದು. ಚರ್ಚಿನ ಹಿರಿಯರ ಸಭೆಯ ನಡವಳಿಗಳಲ್ಲಿ ವಸಾಹತುಗಳಿಂದ ಕರೆತಂದ ಕರಿಯ ಸೇವಕರ ದೀಕ್ಷಾಸ್ನಾನದ ಉಲ್ಲೇಖಗಳು ದೊರೆಯುತ್ತವೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರವೇಶ ಪಟ್ಟಿಗಳಲ್ಲಿ ವಿದ್ಯಾರ್ಥಿಯ ತಂದೆಯ ಹೆಸರು, ವೃತ್ತಿಗಳು ನಮೂದಾಗಿರುವುದರಿಂದ ವೆಸ್ಟ್ ಇಂಡೀಸಿನ ತೋಟಗಾರರ, ವರ್ತಕರ ಮಕ್ಕಳು ಅಲ್ಲಿ ಗುರುತಿಗೆ ಸಿಗುತ್ತಾರೆ. ಇವುಗಳಲ್ಲಿ ಹೆಚ್ಚಿನವು ೨೦೧೧ರಲ್ಲಿ ಎರಡು ಇಲಾಖೆಗಳ ವಿಲೀನದಿಂದ ರೂಪುಗೊಂಡ ಸ್ಕಾಟ್‌ಲೆಂಡಿನ ರಾಷ್ಟ್ರೀಯ ದಾಖಲೆಗಳ ಸಂಸ್ಥೆಯಲ್ಲಿವೆ. ಅದರ ‘ಸ್ಕಾಟ್‌ಲೆಂಡ್ಸ್ ಪೀಪಲ್’ ಎಂಬ ಗಣಕ ಸೇವೆಯ ಮೂಲಕ ದೆಹಲಿ, ಹೈದರಾಬಾದುಗಳಲ್ಲಿ ಕುಳಿತೇ ಬಹುಪಾಲನ್ನು ನೋಡಬಹುದಾಗಿದೆ.

ಪಾರಿಭಾಷಿಕ ಪದಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ದಾಖಲೆಯಲ್ಲಿ ‘ಅಟಾರ್ನಿ’ ಎಂದಿದ್ದರೆ ಆತ ವಕೀಲನೆಂದು ತಿಳಿಯಲಾಗದು. ಊರಿನಲ್ಲಿಲ್ಲದ ಮಾಲಿಕನ ಪರವಾಗಿ ತೋಟಗಳನ್ನು ನಡೆಸುವ ಮುಖ್ತಾರನೇ ಆತ. ‘ಬುಕ್‌ಕೀಪರ್’ ಎಂಬವನು ಲೆಕ್ಕದ ಪುಸ್ತಕಕ್ಕಿಂತ ಹೆಚ್ಚಾಗಿ ಹೊಲದಲ್ಲಿ, ಗಾಣದ ಮನೆಯಲ್ಲಿ ಗುಲಾಮರ ದುಡಿಮೆಯ ಮೇಲೆ ಕಣ್ಣಿಡುವ ಕೆಳದರ್ಜೆಯ ನೌಕರ. ಕವಿ ರಾಬರ್ಟ್ ಬರ್ನ್ಸ್ ೧೭೮೬ರಲ್ಲಿ ಇಂಥ ನೌಕರಿಗಾಗಿಯೇ ಜಮೈಕಾಕ್ಕೆ ಹೊರಡುವ ಸಿದ್ಧತೆಯಲ್ಲಿದ್ದ. ಅದೇ ವರ್ಷ ಕಿಲ್‌ಮಾರ್ನಕ್ಕಿನಲ್ಲಿ ಅಚ್ಚಾದ ಅವನ ಮೊದಲ ಕವನ ಸಂಗ್ರಹ ಯಶಸ್ಸು ಪಡೆದುದರಿಂದ ಆ ಪಯಣ ನಿಂತಿತು. ಸ್ಕಾಟರು ತಮ್ಮ ರಾಷ್ಟ್ರಕವಿಯೆಂದು ಕೊಂಡಾಡುವವನಿಗೂ ಬಡತನ ತೋರಿಸಿದ ದಾರಿ ಇದೇ ಆಗಿತ್ತೆಂಬುದು ಆ ಕಾಲದ ಸಾಮಾನ್ಯ ಕುಟುಂಬಗಳ ಸ್ಥಿತಿಯನ್ನು ಸೂಚಿಸುತ್ತದೆ.

೪. ಪರಿಹಾರದ ಕಡತಗಳು

ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಮಹತ್ವದ ಆಕರಸಮೂಹವೊಂದು ವಿಚಿತ್ರ ಕಾರಣದಿಂದ ಸೃಷ್ಟಿಯಾಯಿತು. ಬ್ರಿಟಿಷ್ ಪಾರ್ಲಿಮೆಂಟು ೧೮೩೩ರಲ್ಲಿ ಗುಲಾಮಗಿರಿ ನಿರ್ಮೂಲನ ಶಾಸನವನ್ನು ಅಂಗೀಕರಿಸಿತು. ಅದು ೧೮೩೪ರ ಆಗಸ್ಟ್ ೧ರಿಂದ ಜಾರಿಗೆ ಬಂದಿತು. ಸುಮಾರು ಎಂಟು ಲಕ್ಷ ಜನ ಈ ಶಾಸನದ ವ್ಯಾಪ್ತಿಗೆ ಬಂದರು. ಆದರೆ ಆರು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಬಿಟ್ಟು ಉಳಿದವರು ‘ಶಿಕ್ಷಾರ್ಥಿ’ಗಳೆಂಬ ಹೊಸ ಹೆಸರಿನಿಂದ ಹಳೆಯ ಒಡೆಯನಿಗೇ ಕೂಲಿಯಿಲ್ಲದೆ ದುಡಿಯಬೇಕಾಗಿತ್ತು, ೧೮೩೮ರಲ್ಲಷ್ಟೇ ಈ ಜೀತ ಕೊನೆಗೊಂಡಿತು. ಎರಡು ಕೋಟಿ ಪೌಂಡುಗಳ ಪರಿಹಾರವನ್ನು ಶಾಸನ ಗೊತ್ತುಪಡಿಸಿತು. ಅದು ಸರ್ಕಾರದ ಆಗಿನ ವಾರ್ಷಿಕ ವೆಚ್ಚದ ಸುಮಾರು ಶೇಕಡಾ ೪೦ರಷ್ಟು. ಪರಿಹಾರ ದೊರೆತದ್ದು ಒಡೆಯರಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ. ಇದಕ್ಕಾಗಿ ಎತ್ತಿದ ಸಾಲದ ಬಾಕಿ ಪೂರ್ಣವಾಗಿ ತೀರಿದ್ದು ೨೦೧೫ರಲ್ಲಿ.

ಹಣ ಬೇಕಾದವರು ಅರ್ಜಿ ಹಾಕಬೇಕಾಗಿತ್ತು. ಯಾವ ವಸಾಹತು, ಯಾವ ತೋಟ, ಎಷ್ಟು ಗುಲಾಮರು, ಯಾವ ಹಕ್ಕಿನಿಂದ ಕೇಳುತ್ತಿದ್ದೇನೆ ಎಂಬುದನ್ನೆಲ್ಲ ಬರೆದುಕೊಡಬೇಕಾಗಿತ್ತು. ಸುಮಾರು ೪೬,೦೦೦ ಬೇಡಿಕೆಗಳು ಬಂದವು. ಹೀಗೆ ಜನ ತಮ್ಮ ಗುಲಾಮ ಒಡೆತನವನ್ನು ತಾವೇ ಪ್ರಮಾಣ ಮಾಡಿ ಹೇಳಿಕೊಂಡ ಕಡತಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಖಜಾನೆ ವಿಭಾಗದಲ್ಲಿ ಉಳಿದಿವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕ್ಯಾಥರೀನ್ ಹಾಲ್, ನಿಕೊಲಸ್ ಡ್ರೇಪರ್ ಮತ್ತು ಸಂಗಡಿಗರು ೨೦೦೯ರಲ್ಲಿ ಕೈಗೊಂಡ ಯೋಜನೆಯಿಂದ ಈ ಕಡತಗಳ ಸಾರ ಒಂದು ದತ್ತಸಂಚಯವಾಗಿ ೨೦೧೩ರಲ್ಲಿ ಸಾರ್ವಜನಿಕರಿಗೆ ಮುಕ್ತವಾಯಿತು. ವ್ಯಕ್ತಿಯ ಹೆಸರಿನಿಂದಲೂ, ತೋಟದ ಹೆಸರಿನಿಂದಲೂ, ಬ್ರಿಟನ್ನಿನಲ್ಲಿನ ವಿಳಾಸದಿಂದಲೂ ಇದನ್ನು ಹುಡುಕಬಹುದು. ಪಾದ್ರಿಗಳು, ವೈದ್ಯರು, ವಿಧವೆಯರು, ಅವಿವಾಹಿತ ಸೋದರಿಯರು, ನಿವೃತ್ತ ಸೈನಿಕರು ಮೊದಲಾದ ಮಧ್ಯಮವರ್ಗದ ಜನರೂ ಹಕ್ಕುದಾರರಾಗಿದ್ದರೆಂಬುದು ಇದರಿಂದ ಸ್ಪಷ್ಟವಾಗಿ ಹೊರಬಿತ್ತು.

ಹೆಸರು ಸಿಕ್ಕೊಡನೆ ತೀರ್ಮಾನಕ್ಕೆ ಬರಲಾಗದು. ಹಕ್ಕುದಾರನು ಪೂರ್ಣ ಒಡೆಯನೋ, ಜೀವಿತಾವಧಿಯ ಅನುಭೋಗದಾರನೋ, ಅಡಮಾನ ಹಿಡಿದವನೋ, ವರ್ಷಾಶನ ಪಡೆಯುವವಳೋ, ಇನ್ನೊಬ್ಬರ ಪರವಾಗಿ ನಿಂತ ವಿಶ್ವಸ್ತನೋ, ಮರಣಶಾಸನ ನಿರ್ವಾಹಕನೋ ಎಂಬುದನ್ನು ವಿಂಗಡಿಸಬೇಕು. ವಿಶ್ವಸ್ತನಾಗಿ ಸಹಿ ಹಾಕಿದವನ ಕೈಗೆ ಹಣ ಸೇರದಿರಬಹುದು; ಇದಕ್ಕೆ ಪ್ರತಿಯಾಗಿ ಪಟ್ಟಿಯಲ್ಲಿ ಹೆಸರೇ ಇಲ್ಲದ ಗ್ಲಾಸ್ಗೋ ಸಾಲಗಾರನೊಬ್ಬ ಮೊತ್ತವನ್ನೆಲ್ಲ ಬಾಕಿಗೆ ಜಮಾ ಮಾಡಿಕೊಂಡಿರಬಹುದು. ಇನ್ನೂ ಒಂದು ಮಿತಿಯಿದೆ. ಈ ಕಡತಗಳು ೧೮೩೪ರ ಸ್ಥಿತಿಯನ್ನು ಮಾತ್ರ ತೋರಿಸುತ್ತವೆ. ೧೭೮೦ರಲ್ಲಿ ತೋಟ ನಡೆಸಿ ೧೮೦೦ರಲ್ಲಿ ಮಾರಿ ಊರಿಗೆ ಮರಳಿ ಜಮೀನು ಕೊಂಡವನು ಇಲ್ಲಿ ಕಾಣಿಸುವುದಿಲ್ಲ. ಪಟ್ಟಿಯಲ್ಲಿ ಇಲ್ಲದಿರುವುದು ಸಂಬಂಧವಿಲ್ಲವೆಂಬುದಕ್ಕೆ ಸಾಕ್ಷಿಯಾಗಲಾರದು.

೫. ಒಂದು ನಿದರ್ಶನ: ವೆಡರ್‌ಬರ್ನ್ ಮನೆತನ

ಈ ವಿಧಾನದ ಫಲವನ್ನು ಒಂದು ಪ್ರಸಿದ್ಧ ಮನೆತನದ ಮೂಲಕ ಕಾಣಬಹುದು. ಸರ್ ಜಾನ್ ವೆಡರ್‌ಬರ್ನ್ ೧೭೪೬ರ ಕಲೋಡನ್ ಯುದ್ಧದಲ್ಲಿ ಸ್ಟುಅರ್ಟ್ ಪಕ್ಷವನ್ನು ವಹಿಸಿ ಸೆರೆಸಿಕ್ಕಿ ಅದೇ ವರ್ಷ ಲಂಡನ್ನಿನಲ್ಲಿ ಮರಣದಂಡನೆಗೆ ಗುರಿಯಾದನು. ಆಸ್ತಿ, ಬಿರುದುಗಳನ್ನು ಕಳೆದುಕೊಂಡ ಅವನ ಮಕ್ಕಳಾದ ಜಾನ್ ಮತ್ತು ಜೇಮ್ಸ್ ಜಮೈಕಾಕ್ಕೆ ಹೋಗಿ ತೋಟಗಾರರಾಗಿ ಸಿರಿವಂತರಾದರು. ಜಾನ್ ಊರಿಗೆ ಮರಳುವಾಗ ಜೋಸೆಫ್ ನೈಟ್ ಎಂಬ ಆಫ್ರಿಕನ್ ತರುಣನನ್ನು ಮನೆಯಾಳಾಗಿ ಪರ್ತ್‌ಶೈರಿನ ಬ್ಯಾಲಿಂಡೀನಿಗೆ ಕರೆತಂದನು. ಅದೇ ಮನೆಯ ಸೇವಕಿ ಆನ್ ಥಾಮ್ಸನ್ನಳನ್ನು ವಿವಾಹವಾದ ನೈಟ್ ಸ್ವತಂತ್ರನಾಗಿ ಹೊರಹೋಗಬಯಸಿದಾಗ ಒಡೆಯನು ಅವನನ್ನು ಬಂಧಿಸಿದನು. ನೈಟ್ ನ್ಯಾಯಾಲಯದ ಮೊರೆಹೊಕ್ಕನು. ೧೭೭೪ರಲ್ಲಿ ಪರ್ತ್ ಶೆರಿಫ್ ನ್ಯಾಯಾಲಯವೂ, ೧೭೭೮ರಲ್ಲಿ ಎಡಿನ್‌ಬರೋದ ಕೋರ್ಟ್ ಆಫ್ ಸೆಷನ್ನೂ ಅವನ ಪರವಾಗಿ ತೀರ್ಪಿತ್ತವು. ಸ್ಕಾಟಿಷ್ ನೆಲದಲ್ಲಿ ಗುಲಾಮ ಒಡೆತನಕ್ಕೆ ಕಾನೂನಿನ ಮನ್ನಣೆಯಿಲ್ಲವೆಂಬುದು ಹೀಗೆ ಸ್ಥಾಪಿತವಾಯಿತು. ಗೆದ್ದ ಬಳಿಕ ನೈಟ್ ದಾಖಲೆಗಳಿಂದ ಕಣ್ಮರೆಯಾಗುತ್ತಾನೆ. ಮೊಕದ್ದಮೆಯ ಕಡತವಿಲ್ಲದಿದ್ದರೆ ಅವನು ಬದುಕಿದ್ದನೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ತಮ್ಮನಾದ ಜೇಮ್ಸನ ಶಾಖೆ ಇನ್ನೂ ಅರ್ಥಪೂರ್ಣವಾದುದು. ಜಮೈಕಾದಲ್ಲಿ ರೊಸಾನ ಎಂಬ ಗುಲಾಮ ಸ್ತ್ರೀಯಲ್ಲಿ ಅವನಿಗೆ ಮಕ್ಕಳಾದವು. ಗರ್ಭಿಣಿಯಾಗಿದ್ದ ಆಕೆಯನ್ನು ಅವನು ಮಾರಿದನು. ಹುಟ್ಟುವ ಮಗು ಸ್ವತಂತ್ರವಾಗಿರಬೇಕೆಂಬುದು ಆ ಮಾರಾಟದ ಷರತ್ತಾಗಿತ್ತು. ೧೭೬೨ರಲ್ಲಿ ಜನಿಸಿದ ಆ ಮಗುವೇ ರಾಬರ್ಟ್ ವೆಡರ್‌ಬರ್ನ್. ಬೆಳೆದು ಬ್ರಿಟನ್ನಿಗೆ ಬಂದು, ದರ್ಜಿಯ ಕಸುಬು ಮಾಡಿ, ಲಂಡನ್ನಿನ ಬಡ ದುಡಿಮೆಗಾರರ ನಡುವೆ ತೀವ್ರವಾದಿ ಉಪದೇಶಕನಾಗಿ, ಧರ್ಮನಿಂದೆಯ ಆಪಾದನೆಯ ಮೇಲೆ ಎರಡು ವರ್ಷ ಸೆರೆವಾಸವನ್ನೂ ಅನುಭವಿಸಿದನು. ಎಡಿನ್‌ಬರೋ ಸಮೀಪದ ಇನ್ವರೆಸ್ಕಿನಲ್ಲಿದ್ದ ತಂದೆಯ ಮನೆಬಾಗಿಲಿಗೆ ಒಮ್ಮೆ ಹೋದಾಗ ತನಗೆ ಯಾವ ನೆರವನ್ನೂ ನೀಡದೆ ಹೊರಗಟ್ಟಲಾಯಿತೆಂದೂ, ಅಡುಗೆಯವನು ಒಂದಿಷ್ಟು ಪಾನೀಯವನ್ನೂ ಸೇವಕನು ಮುರುಕು ನಾಣ್ಯವನ್ನೂ ಕೊಟ್ಟರೆಂದೂ ಅವನೇ ಬರೆದಿದ್ದಾನೆ. ೧೮೨೪ರಲ್ಲಿ ಅವನು ಲಂಡನ್ನಿನ ಪತ್ರಿಕೆಯೊಂದರಲ್ಲಿ ತನ್ನ ಜನ್ಮವೃತ್ತಾಂತವನ್ನು ಪ್ರಕಟಿಸಿದಾಗ ಜೇಮ್ಸನ ಧರ್ಮಪತ್ನಿಯ ಮಗ ಆಂಡ್ರೂ ಕಾಲ್ವಿಲ್ ಅದನ್ನು ನಿರಾಕರಿಸಿ ಪತ್ರ ಬರೆದು ರೊಸಾನಳ ನಡತೆಯ ಮೇಲೆ ಸಂಶಯ ಹೊರಿಸಿದನು. ರಾಬರ್ಟ್ ಉತ್ತರ ನೀಡಿದನು. ಅದೇ ವರ್ಷ ‘ಗುಲಾಮಗಿರಿಯ ಘೋರಗಳು’ ಎಂಬರ್ಥದ ಶೀರ್ಷಿಕೆಯಿಂದ ಹೊರಬಂದ ಅವನ ಕಿರುಹೊತ್ತಿಗೆಯಲ್ಲಿ ಈ ಪತ್ರವ್ಯವಹಾರ ಸೇರಿದೆ.

ವಂಶಾವಳಿ ಎಂಬುದರ ಅರ್ಥವೇನು ಎಂಬ ಪ್ರಶ್ನೆ ಇಲ್ಲಿ ಮುಖಾಮುಖಿಯಾಗಿ ಎದುರಾಗುತ್ತದೆ. ಒಬ್ಬನೇ ತಂದೆಯ ಇಬ್ಬರು ಮಕ್ಕಳಲ್ಲಿ ಒಬ್ಬನು ಮುಂದೆ ಹಡ್ಸನ್ಸ್ ಬೇ ಕಂಪನಿಯ ಗವರ್ನರ್ ಹುದ್ದೆಗೇರಿದನು. ಇನ್ನೊಬ್ಬನು ತಾನು ಹುಟ್ಟಿದ ಮನೆ ಯಾವುದೆಂದು ಸಾಧಿಸಲು ಪತ್ರಿಕೆಯ ಕಾಲಂ ಹಿಡಿಯಬೇಕಾಯಿತು. ನಮ್ಮಲ್ಲಿ ಹೆಳವರು ಮನೆಮನೆಗೆ ಬಂದು ವಂಶದ ಕವಲುಗಳನ್ನು ಓದಿಹೇಳುವಾಗ ಕಾಣಿಕೆ ಕೊಡುವ ಮನೆಯ ವಂಶವನ್ನಷ್ಟೇ ಹೇಳುತ್ತಾರೆ. ಯಾವ ನಾಡಿನಲ್ಲಾದರೂ ವಂಶಾವಳಿ ಅದನ್ನು ಪೋಷಿಸಿದವರ ಸ್ವತ್ತು. ಬರೆಯಿಸಿಕೊಂಡವರ ಶಾಖೆ ಚಿಗುರುತ್ತದೆ, ಉಳಿದ ಶಾಖೆಗಳನ್ನು ಸಂಶೋಧಕನೇ ಹುಡುಕಬೇಕು.

೬. ಎದುರು ದಿಕ್ಕಿನ ಶೋಧ

ಗುಲಾಮರ ವಂಶಜರ ಶೋಧ ಇದಕ್ಕಿಂತ ಬಹಳ ಕಠಿಣ. ಕಾನೂನಿನ ದೃಷ್ಟಿಯಲ್ಲಿ ಅವರ ಪೂರ್ವಿಕರು ವ್ಯಕ್ತಿಗಳಾಗಿರದೆ ಸ್ವತ್ತಾಗಿದ್ದರು. ಆದುದರಿಂದ ಅವರನ್ನು ಹುಡುಕಬೇಕಾದದ್ದು ಒಡೆಯನ ಆಸ್ತಿಪಟ್ಟಿ, ಅಡಮಾನಪತ್ರ, ಮರಣಶಾಸನಗಳಲ್ಲಿ. ಎತ್ತು, ಹೇಸರಗತ್ತೆ, ತಾಮ್ರದ ಕೊಪ್ಪರಿಗೆಗಳ ನಡುವೆ. ೧೮೦೭ರಲ್ಲಿ ಗುಲಾಮ ವ್ಯಾಪಾರ ನಿಷೇಧವಾದ ಮೇಲೆ ಕಳ್ಳಸಾಗಣೆಯನ್ನು ತಡೆಯುವ ಉದ್ದೇಶದಿಂದ ಗುಲಾಮರ ನೋಂದಣಿ ಜಾರಿಗೆ ಬಂದಿತು. ಟ್ರಿನಿಡಾಡಿನಲ್ಲಿ ೧೮೧೩ರಲ್ಲಿ, ಜಮೈಕಾ ಮೊದಲಾದೆಡೆ ೧೮೧೭ರಲ್ಲಿ ಆರಂಭವಾದ ಈ ಪಟ್ಟಿಗಳಲ್ಲಿ ಹೆಸರು, ವಯಸ್ಸು, ಬಣ್ಣ, ಆಫ್ರಿಕದಲ್ಲಿ ಹುಟ್ಟಿದವರೋ ದ್ವೀಪದಲ್ಲಿ ಹುಟ್ಟಿದವರೋ ಎಂಬ ವಿವರಗಳಿವೆ. ಎಷ್ಟೋ ಕಡೆ ತಾಯಿಯ ಹೆಸರೂ ಇದೆ. ತಂದೆಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಗುಲಾಮಗಿರಿ ತಾಯಿಯಿಂದ ಮಗುವಿಗೆ ಇಳಿಯುತ್ತಿದ್ದುದರಿಂದ ಒಡೆಯನಿಗೆ ಬೇಕಾಗಿದ್ದುದು ತಾಯಿಯ ಹೆಸರೊಂದೇ.

ಕುಲನಾಮವನ್ನು ರಕ್ತಸಂಬಂಧದ ಸಾಕ್ಷಿಯೆಂದು ಎಣಿಸುವುದು ಇಲ್ಲಿ ಸಾಮಾನ್ಯವಾದ ತಪ್ಪು ತಿಳಿವಳಿಕೆ. ಜಮೈಕಾದ ಕ್ಯಾಂಬೆಲ್ಲನೊಬ್ಬನು ಸ್ಕಾಟಿಷ್ ಕ್ಯಾಂಬೆಲ್ಲನ ಮೊಮ್ಮಗನಾಗಿರಬಹುದು. ಕ್ಯಾಂಬೆಲ್ಲನ ತೋಟದಲ್ಲಿ ದುಡಿದವನಾಗಿರಬಹುದು. ದೀಕ್ಷಾಸ್ನಾನದ ವೇಳೆ ಆ ಹೆಸರನ್ನು ಪಡೆದವನಾಗಿರಬಹುದು. ದಾಖಲೆಗಳ ಸರಪಳಿ ಕೂಡಿಬಂದಾಗಲೇ ಇವುಗಳಲ್ಲಿ ಯಾವುದು ಸತ್ಯವೆಂದು ನಿರ್ಧರಿಸಬಹುದು.

ಬ್ರಿಟನ್ನಿನ ಒಳಗಿನ ಗುಲಾಮರ ಕುರುಹು ಪತ್ರಿಕಾ ಜಾಹೀರಾತುಗಳಲ್ಲಿ ದೊರೆಯುತ್ತದೆ. ಓಡಿಹೋದವರನ್ನು ಹಿಡಿದುಕೊಟ್ಟರೆ ಬಹುಮಾನವೆಂದು ಹದಿನೆಂಟನೆಯ ಶತಮಾನದ ಒಡೆಯರು ಪ್ರಕಟಿಸಿದ ಎಂಟುನೂರಕ್ಕೂ ಮಿಕ್ಕ ಜಾಹೀರಾತುಗಳನ್ನು ಗ್ಲಾಸ್ಗೋ ವಿಶ್ವವಿದ್ಯಾಲಯ ೨೦೧೮ರಲ್ಲಿ ದತ್ತಸಂಚಯವಾಗಿ ಪ್ರಕಟಿಸಿತು. ಓಡಿಹೋದವನ ಎತ್ತರ, ಗಾಯದ ಕಲೆ, ಅಂಗಿಯ ಬಣ್ಣ, ಮಾತಿನ ರೀತಿ ಇವುಗಳಲ್ಲಿ ಬರುತ್ತವೆ. ಹಿಡಿಯುವುದಕ್ಕಾಗಿ ಬರೆದ ಬರಹ ಇಂದು ಆ ವ್ಯಕ್ತಿಯ ಏಕೈಕ ಚಿತ್ರವಾಗಿ ಉಳಿದಿದೆ.

೭. ಭಾರತದತ್ತ ಚಾಚುವ ಕವಲುಗಳು

ಸ್ಕಾಟಿಷ್ ಮನೆತನಗಳ ಕಾಗದಪತ್ರಗಳಲ್ಲಿ ಪೂರ್ವ, ಪಶ್ಚಿಮ ಇಂಡೀಸುಗಳು ಅಕ್ಕಪಕ್ಕದಲ್ಲಿಯೇ ಇರುತ್ತವೆ. ಒಬ್ಬ ಮಗ ಜಮೈಕಾಕ್ಕೆ, ಇನ್ನೊಬ್ಬ ಮದ್ರಾಸಿಗೆ ಎಂಬುದು ಆ ಕಾಲದ ರೂಢಿಯಾಗಿತ್ತು. ಲೂಯಿಸ್ ದ್ವೀಪದ ಒಡೆಯರಾದ ಸೀಫೋರ್ತ್ ಮನೆತನ ಇದಕ್ಕೆ ಉತ್ತಮ ಉದಾಹರಣೆ. ಈ ಮನೆಯ ಕರ್ನಲ್ ಹಂಬರ್‌ಸ್ಟನ್ ೧೭೮೨ರಲ್ಲಿ ಮಲಬಾರು ಕರಾವಳಿಯಲ್ಲಿ ಹೈದರಾಲಿಯ ವಿರುದ್ಧ ಸೇನೆ ನಡೆಸಿ ಮರುವರ್ಷ ಗಾಯಗೊಂಡು ಮಡಿದನು. ಆಸ್ತಿ ತಮ್ಮನಾದ ಫ್ರಾನ್ಸಿಸನಿಗೆ ಬಂದಿತು. ಅವನು ೧೮೦೧ರಿಂದ ೧೮೦೬ರವರೆಗೆ ಬಾರ್ಬಡೋಸಿನ ಗವರ್ನರನಾಗಿದ್ದನು. ಗುಲಾಮನ ಕೊಲೆಯನ್ನು ಘೋರ ಅಪರಾಧವೆಂದು ಪರಿಗಣಿಸುವ ಕಾನೂನಿಗಾಗಿ ಅಲ್ಲಿ ಹೆಣಗಿದನು. ಅದೇ ಕಾಲದಲ್ಲಿ ಸಾಲದಲ್ಲಿ ಮುಳುಗಿದ್ದ ಸ್ಕಾಟಿಷ್ ಜಮೀನನ್ನು ಉಳಿಸಿಕೊಳ್ಳಲು ಬರ್ಬೀಸಿನಲ್ಲಿ ಗುಲಾಮರು ದುಡಿಯುವ ತೋಟಗಳನ್ನು ಹೂಡಿದನು. ನಮ್ಮ ಕೈಫಿಯತ್ತುಗಳ ಸಂಗ್ರಾಹಕ ಕಾಲಿನ್ ಮೆಕೆಂಜಿ ೧೭೮೩ರಲ್ಲಿ ಕುಂಪಣಿ ಸೇವೆಗೆ ಸೇರಿದ್ದು ಇದೇ ಸೀಫೋರ್ತ್ ಮನೆತನದ ಆಶ್ರಯದಿಂದ. ಇಷ್ಟರಿಂದ ಮೆಕೆಂಜಿಯ ಸಂಗ್ರಹಕ್ಕೆ ಗುಲಾಮರ ದುಡಿಮೆಯ ಹಣ ತಗುಲಿದೆಯೆಂದು ಹೇಳಲಾದೀತೇ? ಆಗದು. ಬರ್ಬೀಸಿನ ತೋಟಗಳು ಅವನು ಭಾರತಕ್ಕೆ ಬಂದ ಎಷ್ಟೋ ವರ್ಷಗಳ ಅನಂತರದವು. ಇಲ್ಲಿರುವುದು ಸಾಮೀಪ್ಯ, ಕಾರಣಸಂಬಂಧವಲ್ಲ.

ಮನ್ರೋನ ಸಂಗತಿ ಬೇರೆ. ಅವನ ತಂದೆ ಅಲೆಗ್ಸಾಂಡರ್ ಮನ್ರೋ ವರ್ಜೀನಿಯದೊಡನೆ ವ್ಯವಹರಿಸುತ್ತಿದ್ದ ಗ್ಲಾಸ್ಗೋ ವರ್ತಕ. ವರ್ಜೀನಿಯದ ಹೊಗೆಸೊಪ್ಪು ಗುಲಾಮರ ಬೆವರಿನಿಂದ ಬೆಳೆದ ಬೆಳೆ. ಅಮೆರಿಕದ ಯುದ್ಧದಿಂದ ಆ ವ್ಯಾಪಾರ ಮುರಿದುಬಿದ್ದು ಮನೆ ಸಂಕಟಕ್ಕೆ ಸಿಕ್ಕಿತು. ಗ್ಲಾಸ್ಗೋದ ವ್ಯಾಪಾರಿ ಕಚೇರಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದ ಮಗ ೧೭೮೦ರಲ್ಲಿ ಸೈನಿಕ ಕೆಡೆಟ್ ಆಗಿ ಮದ್ರಾಸಿಗೆ ಬಂದಿಳಿದನು. ಗುಲಾಮ ಆರ್ಥಿಕತೆಯ ಒಂದು ಕವಲು ಕುಸಿದುದು ಕೆನರಾದ ಮುಂದಿನ ಕಲೆಕ್ಟರನನ್ನು ನಮ್ಮ ಕಡೆಗೆ ಕಳುಹಿಸಿದ ಕಾರಣಗಳಲ್ಲೊಂದು. ಈ ಸಂಬಂಧ ಪರೋಕ್ಷವಾದರೂ ಅದಕ್ಕೆ ಆಧಾರವಿದೆ.

ಮೂರನೆಯ ಬಗೆಯ ಸಂಬಂಧ ನೇರವಾದುದು. ಎಡಿನ್‌ಬರೋ ಬಳಿಯ ಲೀತಿನಲ್ಲಿ ೧೭೬೪ರಲ್ಲಿ ಹುಟ್ಟಿ ಲಿವರ್‌ಪೂಲಿನಲ್ಲಿ ಶ್ರೀಮಂತನಾದ ಜಾನ್ ಗ್ಲ್ಯಾಡ್‌ಸ್ಟನ್ ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿಲಿಯಂ ಗ್ಲ್ಯಾಡ್‌ಸ್ಟನ್ನನ ತಂದೆ. ೧೮೨೩ರ ಡೆಮರಾರ ಬಂಡಾಯ ಕಾಣಿಸಿಕೊಂಡದ್ದು ಅವನ ‘ಸಕ್ಸೆಸ್’ ತೋಟದಲ್ಲಿ. ಎರಡೂವರೆ ಸಾವಿರ ಗುಲಾಮರ ಲೆಕ್ಕದಲ್ಲಿ ಅವನಿಗೆ ಸಂದ ಪರಿಹಾರ ಒಂದು ಲಕ್ಷ ಪೌಂಡಿಗೂ ಅಧಿಕ. ಗುಲಾಮರು ಕೈಬಿಟ್ಟುಹೋಗುವುದನ್ನು ಮನಗಂಡು ೧೮೩೬ರಲ್ಲಿ ಅವನು ಕಲ್ಕತ್ತೆಯ ಗಿಲಾಂಡರ್ಸ್ ಆರ್ಬತ್‌ನಾಟ್ ವ್ಯಾಪಾರ ಸಂಸ್ಥೆಗೆ ಪತ್ರ ಬರೆದು ಭಾರತದಿಂದ ಕರಾರು ಕೂಲಿಗಳನ್ನು ಕೇಳಿದನು. ‘ವಿಟ್ಬಿ’, ‘ಹೆಸ್ಪರಸ್’ ಎಂಬ ಎರಡು ಹಡಗುಗಳು ೧೮೩೮ರ ಮೇ ೫ರಂದು ಬ್ರಿಟಿಷ್ ಗಯಾನಕ್ಕೆ ೩೯೬ ಭಾರತೀಯರನ್ನು ತಲುಪಿಸಿದವು. ೧೯೧೭ರವರೆಗೆ ನಡೆದ ಕೆರಿಬಿಯನ್ ಕರಾರು ಕೂಲಿ ಪದ್ಧತಿಯ ಮೊದಲ ಪುಟವಿದು. ೨೦೨೩ರಲ್ಲಿ ಗ್ಲ್ಯಾಡ್‌ಸ್ಟನ್ ವಂಶಜರು ಗಯ್ಯಾನಕ್ಕೆ ಹೋಗಿ ಬಹಿರಂಗವಾಗಿ ಕ್ಷಮೆ ಕೋರಿದರು.

ಇನ್ನೊಂದು ಅಂಶವನ್ನು ಇಲ್ಲಿಯೇ ಹೇಳಬೇಕು. ೧೮೩೩ರ ನಿರ್ಮೂಲನ ಶಾಸನದಿಂದ ಈಸ್ಟ್ ಇಂಡಿಯಾ ಕುಂಪಣಿಯ ಆಡಳಿತ ಪ್ರದೇಶಗಳನ್ನು ಹೊರಗಿಡಲಾಗಿತ್ತು. ಕೆನರಾ, ಮಲಬಾರುಗಳ ಹೊಲಗಳಲ್ಲಿ ಮಾರಾಟಕ್ಕೂ ಒತ್ತೆಗೂ ಒಳಗಾಗುತ್ತಿದ್ದ ಆಳುಗಳ ಸ್ಥಿತಿಯನ್ನು ಬುಕಾನನ್ ೧೮೦೦-೦೧ರಲ್ಲಿಯೇ ದಾಖಲಿಸಿದ್ದರೂ, ಗುಲಾಮಗಿರಿಯ ಹಕ್ಕಿಗೆ ಕುಂಪಣಿಯ ನ್ಯಾಯಾಲಯಗಳು ಮನ್ನಣೆ ನೀಡಬಾರದೆಂಬ ಕಾನೂನು ಬಂದದ್ದು ೧೮೪೩ರಲ್ಲಿ. ಇಲ್ಲಿ ಒಡೆಯರಿಗೆ ಪರಿಹಾರ ಕೊಡಲಿಲ್ಲ. ಆದುದರಿಂದ ಕೆರಿಬಿಯನ್ನಿನಲ್ಲಿರುವಂತೆ ಆಳುಗಳ ಹೆಸರು, ವಯಸ್ಸುಗಳ ಸಮಗ್ರ ಪಟ್ಟಿಯೂ ಹುಟ್ಟಲಿಲ್ಲ. ಕರಾವಳಿಯ ಮೂಲದಾಳುಗಳ ವಂಶಾವಳಿಯನ್ನು ಬರೆಯಹೊರಡುವ ಸಂಶೋಧಕನಿಗೆ ಎದುರಾಗುವ ಮೌನಕ್ಕೆ ಇದೂ ಒಂದು ಕಾರಣ.

೮. ಕೆಲವು ಎಚ್ಚರಗಳು

ಮೇಲಿನ ವಿವೇಚನೆಯಿಂದ ಸಂಶೋಧಕರು ಗಮನಿಸಬೇಕಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಮೊದಲನೆಯದಾಗಿ, ಸಂಬಂಧವನ್ನು ‘ಸಿದ್ಧ’, ‘ಪರೋಕ್ಷ’, ‘ಕೇವಲ ಸಾಮೀಪ್ಯ’ ಎಂದು ವರ್ಗೀಕರಿಸಿಯೇ ಬರೆಯಬೇಕು. ಗ್ಲ್ಯಾಡ್‌ಸ್ಟನ್, ಮನ್ರೋ, ಮೆಕೆಂಜಿ ಉದಾಹರಣೆಗಳು ಕ್ರಮವಾಗಿ ಈ ಮೂರನ್ನು ತೋರಿಸುತ್ತವೆ. ಎರಡನೆಯದಾಗಿ, ಒಂದೇ ಹೆಸರಿನ ಹಲವರು ಒಂದೇ ಪ್ಯಾರಿಷಿನಲ್ಲಿ ಇರುವುದು ಸ್ಕಾಟ್‌ಲೆಂಡಿನಲ್ಲಿ ಸರ್ವೇಸಾಮಾನ್ಯ. ಹೆಸರಿನ ಜೊತೆಗೆ ಸ್ಥಳ, ಪತ್ನಿಯ ಕುಲನಾಮ, ವೃತ್ತಿ ಇವು ಹೊಂದಿಬಂದಲ್ಲದೆ ಗುರುತನ್ನು ಒಪ್ಪಲಾಗದು. ಮೂರನೆಯದಾಗಿ, ಲಾಭ ಪಡೆದವರು, ನೊಂದವರು ಎಂಬ ಗೆರೆ ಯಾವಾಗಲೂ ನೇರವಾಗಿರುವುದಿಲ್ಲ. ಇಯನ್ ಮೆಕಿನನ್ ಮತ್ತು ಆಂಡ್ರೂ ಮೆಕಿಲಪ್ ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನ ಪಶ್ಚಿಮ ಹೈಲೆಂಡ್ಸ್ ಪ್ರದೇಶದಲ್ಲಿ ಹತ್ತು ಲಕ್ಷ ಎಕರೆಗೂ ಮಿಕ್ಕ ಭೂಮಿಯನ್ನು ಗುಲಾಮಗಿರಿಯಿಂದ ಲಾಭ ಪಡೆದವರು ಕೊಂಡಿದ್ದರೆಂದು ತೋರಿಸಿದೆ. ಟೊಬೇಗೊ ತೋಟಗಳಿಗೆ ಪರಿಹಾರ ಪಡೆದ ಕ್ಲೂನಿಯ ಜಾನ್ ಗೋರ್ಡನ್ ಸೌತ್ ಯೂಯಿಸ್ಟ್, ಬಾರ ದ್ವೀಪಗಳನ್ನು ಕೊಂಡು ೧೮೫೧ರಲ್ಲಿ ಅಲ್ಲಿನ ಒಕ್ಕಲುಗಳನ್ನು ಎಬ್ಬಿಸಿ ಕೆನಡಾಕ್ಕೆ ಸಾಗಿಸಿದನು. ಗುಲಾಮರ ದುಡಿಮೆಯಿಂದ ಬಂದ ಹಣವೇ ಸ್ಕಾಟಿಷ್ ರೈತನನ್ನೂ ನೆಲದಿಂದ ಕಿತ್ತಿತು.

ನಾಲ್ಕನೆಯದಾಗಿ, ಈ ಶೋಧ ವ್ಯಕ್ತಿಯ ಕುಲವನ್ನು ಹಳಿಯುವ ಕೆಲಸವಲ್ಲ, ಕುಲವನ್ನು ತೊಳೆಯುವ ಕೆಲಸವೂ ಅಲ್ಲ. ಸಂಸ್ಥೆಗಳೂ ಇಂದು ತಮ್ಮ ವಂಶಾವಳಿಯನ್ನು ಬರೆದುಕೊಳ್ಳುತ್ತಿವೆ. ಗುಲಾಮಗಿರಿಯ ವಿರುದ್ಧ ನಿಂತ ಹೆಮ್ಮೆಯಿದ್ದ ಗ್ಲಾಸ್ಗೋ ವಿಶ್ವವಿದ್ಯಾಲಯ ಅದೇ ಮೂಲದ ದತ್ತಿಗಳನ್ನೂ ಪಡೆದಿತ್ತೆಂದು ೨೦೧೮ರ ತನ್ನ ವರದಿಯಲ್ಲಿ ಒಪ್ಪಿ, ಮರುವರ್ಷ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದೊಡನೆ ಸಹಯೋಗದ ಒಪ್ಪಂದ ಮಾಡಿಕೊಂಡಿತು. ಗ್ಲಾಸ್ಗೋ ನಗರಸಭೆ ೨೦೨೨ರಲ್ಲಿ ಕ್ಷಮೆ ಕೋರಿತು.

೯. ಸಮಾರೋಪ

ಎಡಿನ್‌ಬರೋದ ಪತ್ರಾಗಾರದಲ್ಲಿ ಮೈಸೂರು ಯುದ್ಧದ ಕಾಗದಗಳನ್ನು ಹುಡುಕುವ ನಮ್ಮ ಸಂಶೋಧಕನು ಅದೇ ಮನೆತನದ ಕಟ್ಟಿನಲ್ಲಿ ಬರ್ಬೀಸಿನ ಗುಲಾಮರ ಪಟ್ಟಿ ಸಿಕ್ಕಾಗ ಅದು ತನ್ನ ವಿಷಯವಲ್ಲವೆಂದು ಪಕ್ಕಕ್ಕಿಡುವುದು ವಾಡಿಕೆ. ಆ ಪಟ್ಟಿಯನ್ನು ಒಮ್ಮೆ ಓದುವುದು ಒಳ್ಳೆಯದು. ನಾವು ಪ್ರಮಾಣವೆಂದು ನಂಬಿದ ಆಕರಗಳನ್ನು ಬರೆದವರ ಲೋಕ ಎಷ್ಟು ವಿಸ್ತಾರವಾಗಿತ್ತು, ಆ ವಿಸ್ತಾರಕ್ಕೆ ಬೆಲೆ ತೆತ್ತವರು ಯಾರು ಎಂಬುದು ಅದರಿಂದ ತಿಳಿಯುತ್ತದೆ. ಒಂದು ವಂಶಾವಳಿಯಲ್ಲಿ ಯಾರ ಹೆಸರಿದೆ ಎಂಬುದರಷ್ಟೇ ಯಾರ ಹೆಸರಿಲ್ಲ ಎಂಬುದೂ ಸಂಶೋಧನೆಯ ವಿಷಯ. ಸ್ಕಾಟ್‌ಲೆಂಡಿನ ಈ ಅನುಭವದ ಬೆಳಕಿನಲ್ಲಿ ನಮ್ಮ ಮನೆತನಗಳ ಕಡತ, ಬಖೈರು, ಭೂದಾಖಲೆಗಳನ್ನೂ ಅಲ್ಲಿ ದುಡಿದ ಆಳುಗಳ ದೃಷ್ಟಿಯಿಂದ ಮತ್ತೊಮ್ಮೆ ಓದುವ ಅಗತ್ಯವಿದೆ. ಆ ದಿಕ್ಕಿನಲ್ಲಿ ಹೊರನಾಡಿನ ಸಂಶೋಧಕರು ಪ್ರವೃತ್ತರಾಗಬೇಕೆಂಬುದು ನಮ್ಮ ಅಪೇಕ್ಷೆ.